ಅಡುಗೆಯ ಓಫೋರೊನ ಮಧುಚಂದ್ರ

ಓಫೋರೊ ಇಪ್ಪತ್ತೆಂಟು ವರ್ಷ ಕಿಲಿಮಂಜಾರೋ ಬೆಟ್ಟದ ಮೇಲೆ ಅಡುಗೆ ಮಾಡಿದವನು. ಹೊಸದಾಗಿ ಮದುವೆಯಾದ ಪರದೇಶದ ಜೋಡಿಗಳು ಬುಡದ ನಮ್ಮೂರು ಮರಂಗುವಿನಿಂದ ಬೆಟ್ಟ ಹತ್ತುತ್ತಿದ್ದರು. ಇಳಿದ ಮೇಲೆ ಮೈಕೈ ನೋವು ಕಳೆದುಕೊಳ್ಳಲು ಝಾಂಜಿಬಾರಿನ ಕಡಲತೀರಕ್ಕೆ ಹೋಗುತ್ತಿದ್ದರು. ಅಂಥವರಿಗೆಂದು ದೊಡ್ಡ ಪಾತ್ರೆಯೊಳಗೆ ಸಣ್ಣ ಪಾತ್ರೆ ಇಟ್ಟು, ಆ ಚಳಿಯಲ್ಲೂ ಮೆತ್ತನೆಯ ಕೇಕ್ ಬೇಯಿಸುವ ಕೈ ಓಫೋರೊನದು. ನಾನು ಗೈಡ್. ಹದಿನಾರು ವರ್ಷ ಅವನ ಕೈಯಡುಗೆ ಉಂಡವನು.

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಅವನ ಹರೆಯ ಕಳೆದುಹೋಗಿತ್ತು. ಆಕೆ ತೀರಿಕೊಂಡಾಗ ಅವನಿಗೆ ನಲವತ್ತೆಂಟು. ಮರುವರ್ಷ ಅವನ ಜಾಕೆಟ್ಟಿನ ಜಿಪ್ ಹಾಳಾಗತೊಡಗಿತು. ಸಂತೆಬೀದಿಯಲ್ಲಿ ಹೊಲಿಗೆ ಮಾಡುತ್ತಿದ್ದ ಅನಾಯೆಲಿಯ ಹತ್ತಿರ ಅದನ್ನು ಒಂದೇ ತಿಂಗಳಲ್ಲಿ ನಾಲ್ಕು ಸಲ ಒಯ್ದ. ನಾಲ್ಕನೆಯ ಸಲ ಅವಳು ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ, ಜಾಕೆಟ್ ವಾಪಸು ಕೊಟ್ಟಳು.

"ಜಿಪ್ ಸರಿಯಾಗೇ ಇದೆ. ನಿನಗೇನಾಗಿದೆ, ಅದು ಹೇಳು."

ಇವನು ಹೇಳಿದ. ಎರಡು ತಿಂಗಳಿಗೆ ಮದುವೆಯಾಯಿತು.

ಮದುವೆಯ ಮರುದಿನ ನಾವು ಬೆಟ್ಟದ ಗೆಳೆಯರೆಲ್ಲ ಅವರ ಅಂಗಳದಲ್ಲಿ ಬಾಳೆಹಣ್ಣಿನ ಬಿಯರ್ ಕುಡಿಯುತ್ತ ಕೂತಿದ್ದೆವು. ಅನಾಯೆಲಿ ಸೊಂಟಕ್ಕೆ ಕೈಕೊಟ್ಟು ಎದುರಿಗೆ ಬಂದು ನಿಂತಳು.

"ಊರೂರಿನ ಹೆಂಗಸರಿಗೆಲ್ಲ ಬೆಟ್ಟದ ಮೇಲೆ ಕೇಕ್ ತಿನ್ನಿಸಿ ಸಮುದ್ರಕ್ಕೆ ಕಳಿಸಿದ್ದಾರೆ ಈ ಮಹಾನುಭಾವರು. ನನ್ನನ್ನ ಎಲ್ಲಿಗೆ ಕಳಿಸ್ತಾರಂತೆ?"

"ಅತ್ತಿಗೆ, ಅದು ದೊಡ್ಡೋರ ಆಟ," ಎಂದೆ ನಾನು.

"ನಾನೇನು ಚಿಕ್ಕೋಳಾ? ನಲವತ್ತಮೂರು ವರ್ಷದಿಂದ ಆ ಬೆಟ್ಟದ ಬುಡದಲ್ಲೇ ಬಟ್ಟೆ ಒಣಗಿಸ್ತಿದೀನಿ. ಒಂದ್ಸಲ ಮೇಲಿಂದ ನೋಡಬೇಕು."

ಓಫೋರೊ ಮೆಲ್ಲಗೆ ಹೇಳಿದ, "ಬೆಟ್ಟ ಸರಿ ಕಣೇ. ಸಮುದ್ರ ಬೇಡ. ನನಗೆ ನೀರು ಅಂದ್ರೆ ಭಯ."

"ಎರಡೂ ಬೇಕು."

ಹೀಗೆ ಮುಂದಿನ ಜನವರಿಯಲ್ಲಿ ನಾವು ಐದು ಜನ ಕೂಲಿ ಬೇಡವೆಂದು ಅವರ ಜೊತೆ ಹೊರಟೆವು. ಓಫೋರೊ ಅತಿಥಿ, ಒಲೆ ಮುಟ್ಟಕೂಡದು ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆವು. ಮೊದಲ ಸಂಜೆಯೇ ಅವನು ತಂಗುದಾಣದ ಅಡುಗೆಕೋಣೆಗೆ ನುಗ್ಗಿ, ಈರುಳ್ಳಿ ಹೆಚ್ಚುತ್ತಿದ್ದ ನಮ್ಮ ಗೆಳೆಯ ಮನಾಸೆಗೆ "ಇದೇನು ಸೌದೆ ಸೀಳ್ತಿದೀಯಾ?" ಎಂದು ಬೈದ. ಅನಾಯೆಲಿ ಅವನ ಕಿವಿ ಹಿಡಿದು ಹೊರಗೆ ಕರೆತಂದಳು.

ಅವಳು ನಡೆಯುವುದನ್ನು ನೋಡುವುದೇ ಚೆಂದ. ಆತುರವಿಲ್ಲ, ನಿಲ್ಲುವುದೂ ಇಲ್ಲ. ಮೂರನೆಯ ದಿನ ಮರಗಿಡ ಮುಗಿದು ಬರೀ ಕಲ್ಲುಮಣ್ಣಿನ ಬಯಲು ದಾಟಿ ಕಿಬೋ ತಂಗುದಾಣ ಸೇರುವವರೆಗೂ ಹಾಡು ಗುನುಗುತ್ತಲೇ ಬಂದಳು. ಅಲ್ಲಿ ಹಾಡು ನಿಂತಿತು. ತಲೆ ಸಿಡಿಯುತ್ತಿದೆ ಎಂದಳು. ಚಹಾ ಕುಡಿಸಿದರೆ ವಾಂತಿಯಾಯಿತು.

ನಾನು ಗೈಡ್ ಆಗಿ ಹೇಳಲೇಬೇಕಾದದ್ದನ್ನು ಹೇಳಿದೆ. "ಅತ್ತಿಗೆ, ಇನ್ನು ಮೇಲೆ ಹತ್ತೋ ಹಾಗಿಲ್ಲ. ಈಗಲೇ ಕೆಳಗಿನ ಹೊರೊಂಬೊ ತಂಗುದಾಣಕ್ಕೆ ಇಳೀಬೇಕು. ಇಳಿದರೆ ಸರಿಹೋಗುತ್ತೆ."

ಓಫೋರೊ ಆಗಲೇ ಅವಳ ಚೀಲ ಹೆಗಲಿಗೇರಿಸಿದ್ದ. "ನಡಿ, ಹೋಗೋಣ."

"ನೀನೆಲ್ಲಿಗೆ?" ಎಂದಳು ಅವಳು, ಕಣ್ಣು ತೆರೆಯಲಾಗದಿದ್ದರೂ. "ನೀನು ತುದಿ ನೋಡಿದೀಯಾ?"

ಅಷ್ಟು ವರ್ಷ ಬೆಟ್ಟದಲ್ಲೇ ಇದ್ದರೂ ಓಫೋರೊ ಕಿಬೋದಿಂದ ಮೇಲಕ್ಕೆ ಒಂದು ಹೆಜ್ಜೆ ಇಟ್ಟವನಲ್ಲ. ತುದಿಗೆ ಹೋದವರು ಸೋತು ಬರುವಷ್ಟರಲ್ಲಿ ಸೂಪು ಬಿಸಿಯಾಗಿರಬೇಕು, ಅಡುಗೆಯವನು ಕೆಳಗೇ ಇರಬೇಕು. ಅದು ನಮಗ್ಯಾರಿಗೂ ಒಂದು ವಿಷಯ ಅಂತಲೇ ಅನ್ನಿಸಿರಲಿಲ್ಲ.

"ಇಲ್ಲ ತಾನೇ? ಹೋಗಿ ಬಾ. ಈ ಸಲ ಸೂಪು ನಾನು ಮಾಡಿಟ್ಟಿರ್ತೀನಿ."

"ನಿನ್ನ ಬಿಟ್ಟು ಹೋಗಲಾ? ನಮ್ಮ ಮಧುಚಂದ್ರ ಕಣೇ ಇದು!"

"ಅದಕ್ಕೇ ಹೇಳ್ತಿರೋದು. ನನ್ನ ಮಾತು ಕೇಳು."

ಮನಾಸೆಯ ತೋಳು ಹಿಡಿದು ಅವಳು ಇಳಿದು ಹೋದಳು. ಅವಳ ಹಳದಿ ತಲೆವಸ್ತ್ರ ಬಯಲಿನಾಚೆ ಮರೆಯಾಗುವವರೆಗೂ ಓಫೋರೊ ನಿಂತೇ ಇದ್ದ. ಕತ್ತಲಾದ ಮೇಲೆ ಕೆಳಗಿನಿಂದ ಬಂದ ಹೊರೆಯಾಳೊಬ್ಬ, "ನಿನ್ನ ಹೆಂಡ್ತಿ ಎರಡು ತಟ್ಟೆ ಊಟ ಮಾಡಿದ್ಲು" ಎಂದ ಮೇಲೆಯೇ ಅವನ ಮುಖ ಸಡಿಲವಾದದ್ದು.

ಆ ನಡುರಾತ್ರಿಯೇ ನಾವಿಬ್ಬರೂ ಹತ್ತತೊಡಗಿದೆವು. ಜಾರುವ ಸಣ್ಣ ಕಲ್ಲುಗಳ ಏರಿನಲ್ಲಿ ಅವನು ನನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ ಬಂದ. ತುದಿ ಮುಟ್ಟಿದಾಗ ಹಿಮದ ಗೋಡೆಗಳನ್ನೂ ಕೆಳಗಿನ ಮೋಡವನ್ನೂ ಸುತ್ತ ನೋಡಿದ. ತುದಿಯ ಹೆಸರು ಬರೆದ ಹಲಗೆಯ ಪಕ್ಕ ಕೂತು, ಕೈಗವಸಿನಲ್ಲೇ ಮೂಗು ಒರೆಸಿಕೊಂಡ.

"ಇಳಿದು ಬಂದೋರು ನನ್ನ ಸೂಪು ಮುಟ್ಟದೆ ಮಲಗಿಬಿಟ್ರೆ ಎಷ್ಟು ಬೈಕೊಂಡಿದೀನಿ ಗೊತ್ತಾ? ಸೊಕ್ಕು ಅಂದುಕೊಂಡಿದ್ದೆ. ಪಾಪ, ಈಗ ನನಗೂ ಏನೂ ಬೇಡ ಅನ್ನಿಸ್ತಿದೆ."

ಆದರೆ ಮಧ್ಯಾಹ್ನ ಹೊರೊಂಬೊದಲ್ಲಿ ಅನಾಯೆಲಿ ಬಾಳೆಕಾಯಿ ಮಾಂಸದ ಸೂಪು ಹಿಡಿದು ಬಾಗಿಲಲ್ಲೇ ಕಾದಿದ್ದಳು. ಒಂದು ಗುಟುಕು ಕುಡಿದು, "ಉಪ್ಪು ಜಾಸ್ತಿ" ಎಂದ.

"ಕುಡಿ ಸುಮ್ನೆ."

ಎರಡು ಬಟ್ಟಲು ಕುಡಿದ. ನಮ್ಮೆದುರಿಗೇ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವಳು ಅವನ ಬೂಟಿನ ಲೇಸು ಬಿಚ್ಚುವಂತೆ ನನಗೆ ಸನ್ನೆ ಮಾಡಿದಳು.

ಕಡಲಿನ ಕಥೆ ನಾನು ಅವರಿಬ್ಬರ ಬಾಯಿಂದ ಕೇಳಿದ್ದು. ಇಡೀ ದಿನ ಬಸ್ಸು, ಆಮೇಲೆ ಹಡಗು. ಈ ಸಲ ವಾಂತಿ ಮಾಡಿದವನು ಅವನು. ಝಾಂಜಿಬಾರಿನ ಪಾಜೆ ಎಂಬ ಹಳ್ಳಿಯಲ್ಲಿ ಬಿ ಜೋಖಾ ಎಂಬ ಮುದುಕಿಯ ಮನೆಯಲ್ಲಿ ಬಾಡಿಗೆ ಕೋಣೆ. ದಂಡೆಗೆ ಹೋಗಿ ನೋಡಿದರೆ ಕಣ್ಣು ಹಾಯುವವರೆಗೆ ಬರೀ ಒದ್ದೆ ಮರಳು.

"ಅಜ್ಜಿ, ಸಮುದ್ರ ಎಲ್ಲಿ?"

"ಹೊರಗೆ ಹೋಗಿದೆ ಮಗಾ. ಊಟದ ಹೊತ್ತಿಗೆ ಬರುತ್ತೆ."

ಹೊರಗೆ ಹೋಗಿ ವಾಪಸು ಬರುವ ಸಮುದ್ರವನ್ನು ನಂಬುವುದು ಹೇಗೆಂದು ಓಫೋರೊ ದಂಡೆಯ ತೆಂಗಿನಮರಕ್ಕೆ ಒರಗಿ ಕೂತ. ಅನಾಯೆಲಿ ಮಾತ್ರ ಎರಡನೆಯ ದಿನವೇ ಮೊಣಕಾಲುದ್ದದ ನೀರಿಗಿಳಿದು, ಮಾರಲೆಂದು ಸಮುದ್ರದ ಪಾಚಿ ಬೆಳೆಸುವ ಹೆಂಗಸರ ಜೊತೆ ಸೇರಿದಳು. ನೀರೊಳಗೆ ಗೂಟ ನೆಟ್ಟು, ಹಗ್ಗಕ್ಕೆ ಪಾಚಿಯ ಸಣ್ಣ ತುಂಡುಗಳನ್ನು ಕಟ್ಟುವ ಕೆಲಸ ಅದು. ಹೊಲಿಗೆಯವಳ ಬೆರಳು ನೋಡಿ ಅವರು ಬೆರಗಾದರಂತೆ. ಇತ್ತ ಸುಮ್ಮನೆ ಕೂರಲಾರದೆ ಅಡುಗೆಮನೆಗೆ ಹೋದ ಓಫೋರೊನನ್ನು ಬಿ ಜೋಖಾ ತೆಂಗಿನ ತುರಿ ಮೆತ್ತಿದ ಕೈಯಲ್ಲೇ ಅಟ್ಟಿದಳು. "ಗಂಡಸಿಗೆ ಇಲ್ಲೇನು ಕೆಲಸ?" ಮೂರನೆಯ ದಿನ ಅವನು ಹಿತ್ತಲ ಒಲೆಯಲ್ಲಿ ಮಾಡಿದ ಚಪಾತಿ ತಿಂದ ಮೇಲೆ ತಾನೇ ಕರೆದು ಮಣೆ ಕೊಟ್ಟಳು.

ಐದನೆಯ ದಿನ ಆಕ್ಟೋಪಸ್ ಸಾರು ಮಾಡಿ ಕಾದ. ಉಳಿದ ಹೆಂಗಸರೆಲ್ಲ ಬಂದರೂ ಕೊನೆಯ ಹಗ್ಗ ಮುಗಿಸುತ್ತೇನೆಂದು ಅನಾಯೆಲಿ ನಿಂತಿದ್ದಳು. ಸಾರು ಆರುತ್ತಿತ್ತು. ಓಫೋರೊ ಪಾತ್ರೆಗೆ ಮುಚ್ಚಳ ಹಾಕಿ, ಚಮಚವನ್ನು ಅಂಗಿಯ ಜೇಬಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿಕೊಂಡು, ಪ್ಯಾಂಟು ಸಮೇತ ನೇರ ಅವಳ ಕಡೆ ನಡೆದ. ಭರತದ ನೀರು ಏರಿ ಬರುತ್ತಿತ್ತು. ಅವನ ಕಣ್ಣೆಲ್ಲ ಪಾತ್ರೆಯ ಮೇಲೆ.

ಅವಳು ತಿರುಗಿ ನೋಡಿ ನಗುತ್ತ ನಗುತ್ತ ಹಗ್ಗವನ್ನೇ ಬಿಟ್ಟುಬಿಟ್ಟಳು.

"ಯಾಕೆ ನಗ್ತೀಯಾ? ಬಿಸಿ ಇದ್ದಾಗಲೇ ತಿನ್ನು."

"ನೀರು ಎಲ್ಲಿಗೆ ಬಂದಿದೆ ನೋಡ್ಕೋ."

ಅವನು ಕೆಳಗೆ ನೋಡಿದ. ಎದೆಯವರೆಗೆ ನೀರು. ಗಾಬರಿಯಲ್ಲಿ ಪಾತ್ರೆ ವಾಲಿಸಿದ. ಅವಳು ಬಂದು ಸೊಂಟ ಹಿಡಿದಳು. "ಹೆದರಬೇಡ, ನಾನಿದೀನಿ" ಎಂದಳಂತೆ. ಹಾಗೆ ಅವಳು ಹೇಳಲೇ ಇಲ್ಲ, "ಪಾತ್ರೆ ಬೀಳಿಸಬೇಡ" ಎಂದಳು ಎಂಬುದು ಓಫೋರೊನ ವಾದ. ಅಂತೂ ಇಬ್ಬರೂ ಅಲ್ಲೇ ನಿಂತು, ಒಂದೇ ಚಮಚದಲ್ಲಿ, ಸಾರು ಖಾಲಿ ಮಾಡಿದ್ದು ನಿಜ. ದಂಡೆಯಲ್ಲಿ ನಿಂತ ಬಿ ಜೋಖಾ, "ಮನೇಲಿ ತಟ್ಟೆ ಇಲ್ವೇನ್ರೋ?" ಎಂದು ಕೂಗುತ್ತಲೇ ಇದ್ದಳಂತೆ.

ಅದಾಗಿ ಏಳು ವರ್ಷ. ಓಫೋರೊ ಈಗಲೂ ಬೆಟ್ಟದಲ್ಲಿ ಅಡುಗೆ ಮಾಡುತ್ತಾನೆ. ತುದಿಯಿಂದ ಇಳಿದವರು ತಟ್ಟೆ ಸರಿಸಿದರೆ ಬೈಯುವುದಿಲ್ಲ, ಬೆಚ್ಚನೆಯ ಶುಂಠಿ ಚಹಾ ಇಟ್ಟು ಬಾಗಿಲು ಮುಚ್ಚಿಕೊಂಡು ಬರುತ್ತಾನೆ. ಏಪ್ರಿಲ್‌ನ ಮಳೆಗೆ ಬೆಟ್ಟ ಖಾಲಿಯಾದಾಗ ಗಂಡಹೆಂಡತಿ ಪಾಜೆಗೆ ಹೋಗುತ್ತಾರೆ. ಮೊನ್ನೆ ಅನಾಯೆಲಿ ಅವನಿಗೊಂದು ಈಜುವ ಚಡ್ಡಿ ಹೊಲಿಯುತ್ತಿದ್ದಳು. ಬಟ್ಟೆ ತುಂಬ ಹೂವು.

"ಇದನ್ನ ಹಾಕ್ಕೋತಾನಾ ಅವನು?" ಎಂದೆ.

"ಬಣ್ಣ ಅವನದೇ ಆಯ್ಕೆ," ಎಂದಳು.