ಡಾಲಸ್‌ನವರಿಗೆ ಕೊಟ್ಟ ಆಟಗಾರ

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ನಮ್ಮ ಕಡೆಯದೊಂದು ಮದುವೆಯಲ್ಲಿ ನನ್ನ ಎಲೆಗೆ ಹೋಳಿಗೆ ಬಡಿಸದೆ ಮುಂದೆ ಹೋದ ಹೆಂಗಸಿನ ಮುಖ ಇಪ್ಪತ್ತು ವರ್ಷ ಕಳೆದರೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಥ ನಾನು, ನನ್ನ ಗಂಡನನ್ನು ಅರ್ಧ ಆಟಕ್ಕೇ ವಾಪಸ್ ಕಳಿಸಿದ ಡಾಲಸ್‌ನವರನ್ನು ಮರೆಯುವುದುಂಟೆ?

ಆಟ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಆಸ್ಟ್ರೇಲಿಯನ್ ಫುಟ್‌ಬಾಲ್. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ಕೊಡಬಹುದು, ಎಸೆಯುವ ಹಾಗಿಲ್ಲ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದಲ್ಲಿ ಹೋದರೆ ಒಂದು. ದೂರದಿಂದ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಅವನು ಆರಾಮಾಗಿ ನಿಂತು, ಗುರಿ ನೋಡಿ ಒದೆಯಬಹುದು. ನಾನು ಧಾರವಾಡದಲ್ಲಿ ಕಾಲೇಜು ಓದುವಾಗ ಕಬಡ್ಡಿ ಆಡಿದವಳು. ಕಬಡ್ಡಿಯವರ ಕೈಗೆ ಯಾರೋ ಚೆಂಡು ಕೊಟ್ಟು ಓಡಿಸಿದ ಹಾಗೆ ಕಂಡಿತು ನನಗೆ. ನೋಡಿದ ದಿನವೇ ಇಷ್ಟವಾಯಿತು.

ನಮ್ಮ ಮನೆಗೆ ಈ ಆಟ ತಂದವನು ಕ್ಯಾಪ್ಟನ್. ಬೆಂಗಳೂರಿನವನು, ಮೆಲ್ಬರ್ನ್‌ನಲ್ಲಿ ಓದಿದವನು, ನಾವಿರುವ, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ನನ್ನ ಗಂಡನ ಆಫೀಸಿಗೆ ಬಂದು ಸೇರಿದ. ಆಸ್ಟಿನ್ ಸುತ್ತಮುತ್ತಲಿನ ಹದಿನಾರು ಜನರನ್ನು ಒಟ್ಟು ಹಾಕಿ ತಂಡ ಮಾಡಿದ. ಅದರಲ್ಲಿ ಕನ್ನಡದವರು ಮೂವರು. ಮೈಸೂರಿನ ನನ್ನ ಗಂಡ, ನಲವತ್ತನಾಲ್ಕರ ವಯಸ್ಸಿನಲ್ಲಿ, ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಕೂತು ಸೊಂಟ ಹಿಡಿದುಹೋದವರು, ಬೂಟು ಕಟ್ಟಿಕೊಂಡು ಹೊರಟರು. ಮಗಳು ನಕ್ಕಳು. ನಾನು ನಗಲಿಲ್ಲ. ಶನಿವಾರ ಬೆಳಿಗ್ಗೆ ಅಭ್ಯಾಸ ಮುಗಿಸಿ ಬಂದು, ಮೊಣಕಾಲಿಗೆ ಐಸ್ ಒತ್ತಿಕೊಂಡು, ತಾವು ಹಿಡಿದ ಒಂದೇ ಒಂದು ಚೆಂಡಿನ ಕತೆಯನ್ನು ಮೂರು ಸಲ ಹೇಳುತ್ತಿದ್ದರು. ಪ್ರಮೋಷನ್ ಬಂದಾಗಲೂ ಇವರ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿರಲಿಲ್ಲ.

ಕಳೆದ ವರ್ಷ ಹ್ಯೂಸ್ಟನ್‌ನಲ್ಲಿ ಮೂರು ಊರಿನ ತಂಡಗಳು ಒಂದೇ ದಿನ ಆಡಿದವು. ಹ್ಯೂಸ್ಟನ್‌ನವರ ಮೇಲೆ ಆಡಬೇಕಿದ್ದ ಡಾಲಸ್‌ನವರಿಗೆ ಒಬ್ಬ ಕಡಿಮೆ ಬಿದ್ದ. ಇಲ್ಲಿನ ಹವ್ಯಾಸಿಗಳಲ್ಲಿ ಒಂದು ಪದ್ಧತಿ ಇದೆ. ಯಾರಿಗಾದರೂ ಜನ ಕಡಿಮೆಯಾದರೆ ಬೇರೆ ತಂಡದವರು ತಮ್ಮವನೊಬ್ಬನನ್ನು ಕೊಡುತ್ತಾರೆ. ಅವನು ಅವತ್ತಿನ ಮಟ್ಟಿಗೆ ಅವರ ಜರ್ಸಿ ಹಾಕಿ ಅವರ ಪರವಾಗಿ ಆಡುತ್ತಾನೆ. ಆ ಹೊತ್ತಿಗೆ ಖಾಲಿ ಕೂತಿದ್ದ ನಮ್ಮ ತಂಡದಿಂದ ನನ್ನ ಗಂಡ ಹೋದರು. ಅರ್ಧ ಆಟ ಮುಗಿದಾಗ ಡಾಲಸ್ ತಂಡದ ನಾಯಕ, ಕೆಂಪು ಗಡ್ಡದ ದಾಂಡಿಗ, ಇವರ ಬೆನ್ನು ತಟ್ಟಿ, ಥ್ಯಾಂಕ್ಸ್, ಇನ್ನು ನಾವು ಒಬ್ಬರು ಕಮ್ಮಿ ಇಟ್ಟುಕೊಂಡೇ ಆಡುತ್ತೇವೆ ಎಂದು ಇಂಗ್ಲಿಷಿನಲ್ಲಿ ನಗುತ್ತ ಹೇಳಿ ಜರ್ಸಿ ವಾಪಸ್ ಇಸಿದುಕೊಂಡ. ಈ ಮನುಷ್ಯ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ ಎಂದ ಹಾಗಾಯಿತು.

ಇವರು ಬಂದು ನಮ್ಮ ಚಾಪೆಯ ಮೇಲೆ ಕೂತು ಒಂದು ಬಾಟಲಿ ನೀರು ಪೂರ್ತಿ ಕುಡಿದರು. "ಬಿಸಿಲು ಜಾಸ್ತಿ" ಎಂದರು. ಮನೆಗೆ ಬಂದ ಮೇಲೂ ಆ ವಿಷಯ ಎತ್ತಲಿಲ್ಲ. ಆದರೆ ಒಂದು ತಿಂಗಳು ಶನಿವಾರದ ಬೂಟು ಗ್ಯಾರೇಜಿನಲ್ಲೇ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಗಡ್ಡದವನಿಗೆ ಮಣ್ಣು ಮುಕ್ಕಿಸದೆ ಬಿಡಬಾರದು ಎಂದು ಒಂದು ವರ್ಷ ಹಲ್ಲು ಕಡಿದುಕೊಂಡು ಕಾದೆ.

ಈ ವರ್ಷ ಹ್ಯೂಸ್ಟನ್‌ನಲ್ಲಿ ನಮಗೂ ಡಾಲಸ್‌ನವರಿಗೂ ನೇರ ಪಂದ್ಯ ಬಿತ್ತು. ಅವರು ನಮಗಿಂತ ಬಹಳ ಗಟ್ಟಿ. ಎರಡು ವಾರ ಮೊದಲೇ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯಲ್ಲಿ ಸಭೆ ಸೇರಿಸಿದೆ. ಆಡುವವರ ಸಭೆಯಲ್ಲ ಅದು, ಚಪ್ಪಾಳೆ ತಟ್ಟುವ ನಮ್ಮದು. ಪಕ್ಕದ ಮನೆಯ ಅಂಕಲ್ ಬಂದರು, ಬೆಂಗಳೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಅವರ ಸೊಸೆ, ನನ್ನ ಗೆಳತಿ, ಬಂದಳು. ಊಟ ಇದೆ ಎಂದಿದ್ದಕ್ಕೆ ಕ್ಯಾಪ್ಟನ್ನೂ ಬಂದ. ನನ್ನ ಗಂಡ ಮಗಳನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರಲು ಹೋಗಿದ್ದರು.

ಅಂಕಲ್ ಊಟದ ಟೇಬಲ್ ಮೇಲೆ ದೊಡ್ಡ ತಟ್ಟೆ ಇಟ್ಟು, ನಿಪ್ಪಟ್ಟುಗಳನ್ನು ಡಾಲಸ್ ಮಾಡಿದರು, ಕೋಡುಬಳೆಗಳನ್ನು ಆಸ್ಟಿನ್. ಎಲ್ಲಕ್ಕಿಂತ ದೊಡ್ಡ ನಿಪ್ಪಟ್ಟನ್ನು ನಡುವೆ ಇಟ್ಟರು. ಅದು ಡಾಲಸ್‌ನ ಆರೂವರೆ ಅಡಿ ಆಟಗಾರ. ನಾವು ಅವನಿಗೆ ಲಂಬೂ ಎಂದು ಹೆಸರಿಟ್ಟಿದ್ದೆವು. ಎಷ್ಟು ಎತ್ತರಕ್ಕೆ ಒದ್ದ ಚೆಂಡೂ ಕೊನೆಗೆ ಅವನ ಕೈಗೇ ಸೇರುತ್ತಿತ್ತು.

"ಲಂಬೂನ ತಡೆಯೋಕೆ ನಮ್ಮ ಕೈಲಾಗಲ್ಲ," ಎಂದರು ಅಂಕಲ್. "ತಡೆಯೋಕೆ ಹೋಗಲೇಬಾರದು. ಓಡಿಸಬೇಕು. ಬೇಕೂಂತ್ಲೇ ಅವನ ಪಕ್ಕದಿಂದ ಬಾಲ್ ತಗೊಂಡು ಓಡಿ. ಅಟ್ಟಿಸ್ಕೊಂಡು ಬರ್ತಾನೆ. ಆ ಹ್ಯೂಸ್ಟನ್ ಸೆಕೇಲಿ ಅರ್ಧ ಆಟಕ್ಕೆ ನಾಲಿಗೆ ಹೊರಗೆ ಹಾಕ್ತಾನೆ. ಕಾಲೇ ಏಳದೆ ಇದ್ರೆ ಎತ್ತರ ಇದ್ದು ಏನು ಮಾಡ್ತಾನೆ?"

"ಆಮೇಲೆ ಆ ನಿಪ್ಪಟ್ಟು ನಂಗೆ," ಎಂದಳು ಸೊಸೆ. ಕ್ಯಾಪ್ಟನ್ ಮಾತ್ರ ನಗದೆ, ತಟ್ಟೆಯನ್ನೇ ನೋಡಿ, ಇದು ಆಗುತ್ತೆ ಅಂಕಲ್ ಎಂದ. ನಮಗೆಲ್ಲ ಗೆದ್ದಷ್ಟೇ ಖುಷಿಯಾಯಿತು.

"ನಂದೂ ಒಂದ ಐತ್ರಿ," ಎಂದೆ ನಾನು. ಒಂದು ವರ್ಷದಿಂದ ಮಸೆದಿಟ್ಟಿದ್ದ ಮಾತು ಅದು. "ಅವರು ನಾಕ ತಾಸು ಡ್ರೈವ್ ಮಾಡ್ಕೊಂಡು ಬರೂ ಮಂದಿ. ಪ್ರತಿ ಸಲಾನೂ ಒಬ್ಬರೋ ಇಬ್ಬರೋ ಕಡಿಮಿ ಬೀಳ್ತಾರ. ಈ ಸಲಾನೂ ಬಂದು ಕೇಳ್ತಾರ. ಕೇಳ್ಲಿ. ನಮ್ಮೊಳಗ ಎಲ್ಲಾರಕಿಂತ ಕೆಟ್ಟ ಆಡೋರು ಯಾರದಾರ, ಅವರನ್ನ ಕೊಡ್ರಿ. ಕಾಲಾಗ ಕಾಲ ಹಾಕಿ ಆ ಡಾಲಸ್‌ನೋರನ್ನ ಕೆಡವಲಿ. ಒಳ್ಳೇವರನ್ನ ಕೊಟ್ಟು ಮರ್ಯಾದಿ ಕಳಕೊಂಡಿದ್ದು ಸಾಕು."

ಅಂಕಲ್ ಒಂದು ಕೋಡುಬಳೆಯನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಸರಿಸಿದರು. ಗೆಳತಿ ಕಾಫಿ ಮಾಡುತ್ತೇನೆಂದು ನನ್ನ ಅಡಿಗೆಮನೆಗೆ ಎದ್ದು ಹೋದಳು. "ನೋಡೋಣ ಮೇಡಂ," ಎಂದ ಕ್ಯಾಪ್ಟನ್.

"ನೋಡೂದೇನ್ರಿ ಅದರಾಗ? ಹೂಂ ಅನ್ರಿ."

ಅವನು ಹೂಂ ಎಂದ. ಈ ಬೆಂಗಳೂರು ಮೈಸೂರಿನವರಿಗೆ ಸೇಡು ಎಂದರೆ ಸಂಕೋಚ, ಎಲ್ಲರೂ ಸಂಭಾವಿತರು ಎಂದುಕೊಂಡೆ. ನನ್ನ ಮನಸ್ಸಿನಲ್ಲಿದ್ದವನು ಕನ್ನಡಕದ, ನಮ್ಮ ಕಡೆಯ ಮಾತಿನಲ್ಲಿ ಚಾಳೀಸಿನ, ಒಬ್ಬ ಹೊಸ ಹುಡುಗ. ತಂಡ ಸೇರಿ ಮೂರು ತಿಂಗಳಾಗಿದ್ದರೂ ಅವನ ಕೈಯಲ್ಲಿ ಚೆಂಡು ನಿಂತದ್ದನ್ನು ನಾನು ನೋಡಿರಲಿಲ್ಲ.

ಪಂದ್ಯದ ದಿನ ಎರಡು ಕಾರುಗಳಲ್ಲಿ ಹೊರಟು, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಇಡ್ಲಿ ತಿಂದು, ಹತ್ತು ಗಂಟೆಗೆ ಮೈದಾನ ಮುಟ್ಟಿದೆವು. ಸೆಕೆ ಆಗಲೇ ಬೆನ್ನಿಗೆ ಅಂಟಿಕೊಂಡಿತ್ತು. ಡಾಲಸ್‌ನವರ ಒಂದು ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಯಾರೋ ಹೇಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸ್ವಲ್ಪ ಹೊತ್ತಿಗೆ ಕೆಂಪು ಗಡ್ಡದವನು ಬಂದ. ಒಬ್ಬ ಕಡಿಮೆ ಇದ್ದಾನೆ, ಯಾರನ್ನಾದರೂ ಕೊಡುತ್ತೀರಾ ಎಂದು ನಮ್ಮ ಕ್ಯಾಪ್ಟನ್‌ನನ್ನು ಕೇಳಿದ.

ಕ್ಯಾಪ್ಟನ್ ನನ್ನ ಕಡೆ ತಿರುಗಿ ನೋಡಿದ. ನಾನು ಎದ್ದು ನಿಂತೆ. ಗಡ್ಡದವನಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಮೈದಾನದ ಅಂಚಿನ ಹಗ್ಗದ ಈಚೆಯಿಂದ ಕೂಗಿ ಹೇಳಿದೆ: "ನೆನಪೈತಲ್ರಿ? ಎಲ್ಲಾರಕಿಂತ ಕೆಟ್ಟ ಆಡೋರನ್ನ ಕೊಡ್ರಿ."

ಕ್ಯಾಪ್ಟನ್ ತಲೆ ತಗ್ಗಿಸಿದ. ಕನ್ನಡಕದ ಹುಡುಗ ಆರಾಮಾಗಿ ನೀರು ಕುಡಿಯುತ್ತಿದ್ದ. ಲೇಸು ಕಟ್ಟುತ್ತಿದ್ದ ನನ್ನ ಗಂಡ ಕಟ್ಟಿ ಮುಗಿಸಿ, ಎದ್ದು ಬಂದು, ಕ್ಯಾಪ್ಟನ್‌ನ ಭುಜದ ಮೇಲೆ ಕೈಯಿಟ್ಟರು.

"ನಾನೇ ಹೋಗ್ತೀನಿ ಬಿಡಪ್ಪ."

"ಸರ್, ಹಾಗಲ್ಲ..." ಎಂದ ಕ್ಯಾಪ್ಟನ್. ಹಾಗಲ್ಲ ಎಂದನೇ ಹೊರತು, ಬೇಡ ಎನ್ನಲಿಲ್ಲ.

ಇವರು ನಮ್ಮ ಜರ್ಸಿ ತೆಗೆದು, ಮಡಿಸಿ, ಹಗ್ಗದ ಹತ್ತಿರ ಬಂದು ನನ್ನ ಕೈಗೆ ಕೊಟ್ಟರು. "ನೆರಳಲ್ಲಿ ಕೂತ್ಕೋ," ಎಂದು ಹೇಳಿ ಡಾಲಸ್‌ನವರ ಕಡೆ ನಡೆದರು. ಅಂಕಲ್ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಗೆಳತಿ ನನ್ನ ಮುಖ ನೋಡಲಿಲ್ಲ. ಅವತ್ತು ಕಾಫಿ ಮಾಡಲು ಯಾಕೆ ಎದ್ದು ಹೋಗಿದ್ದಳೆಂದು ನನಗೆ ಆಗ ಗೊತ್ತಾಯಿತು. ಬಿಸಿಲಲ್ಲಿ ನಿಂತೇ ಇದ್ದೆ. ನಾಚಿಕೆಯಾಗಬೇಕಿತ್ತು, ನನಗೆ ಸಿಟ್ಟು ಬಂತು. ಹದಿನೈದು ಜನರಿದ್ದರು, ಒಬ್ಬನ ಬಾಯಿಂದಲಾದರೂ ನೀವು ಬೇಡ ಸರ್, ನಾನು ಹೋಗುತ್ತೇನೆ ಎಂಬ ಮಾತು ಬರಲಿಲ್ಲ. ಡಾಲಸ್‌ನವರ ಮೇಲಿದ್ದ ನನ್ನ ಹಗೆ ಒಂದು ನಿಮಿಷದಲ್ಲಿ ಪಕ್ಷ ಬದಲಿಸಿತು.

ಅಂಕಲ್ ಉಪಾಯ ಫಲಿಸುತ್ತ ಹೋಯಿತು. ನಮ್ಮ ಹುಡುಗರು ಲಂಬೂನ ಮೂಗಿನ ಕೆಳಗೇ ಚೆಂಡು ಹಿಡಿದು ಓಡಿದರು, ಅವನು ಅಟ್ಟಿಸಿಕೊಂಡು ಹೋದ, ಅವರು ಮತ್ತೆ ಓಡಿದರು. ಅರ್ಧ ಆಟ ಮುಗಿಯುವ ಹೊತ್ತಿಗೆ ಆಸ್ಟಿನ್ ಎರಡು ಗೋಲು ಮುಂದಿತ್ತು. ಅಂಕಲ್ ಕುಣಿಯುವುದೊಂದು ಬಾಕಿ. ನಾನು ಒಬ್ಬರನ್ನೇ ನೋಡುತ್ತಿದ್ದೆ. ಇವರ ಕೈಗೆ ಮೂರು ಸಲ ಚೆಂಡು ಬಂತು, ಮೂರು ಸಲವೂ ಜಾರಿತು. ಒಂದು ಸಲ ಮಾತ್ರ, ಚೆಂಡು ಹಿಡಿದು ಓಡುತ್ತಿದ್ದ ನಮ್ಮ ಕ್ಯಾಪ್ಟನ್‌ನ ಸೊಂಟಕ್ಕೆ ಜೋತುಬಿದ್ದು ಅವನನ್ನು ಕೆಡವಿದರು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮ ಚಾಪೆಯಲ್ಲಿ ತಟ್ಟಿದವಳು ನಾನೊಬ್ಬಳೇ.

ವಿರಾಮವಾದ ಕೂಡಲೇ ಡಾಲಸ್‌ನವರ ಡೇರೆಯ ಹತ್ತಿರ ಹೋಗಿ ಕೈಕಟ್ಟಿ ನಿಂತೆ. ಈ ಸಲವೂ ಇವರನ್ನು ವಾಪಸ್ ಕಳಿಸಲಿ, ನೋಡೋಣ ಎಂದು. ಗಡ್ಡದವನಿಗೆ ಏನೇನು ಹೇಳಬೇಕೆಂದು ಮೂರು ಭಾಷೆಗಳಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅವನು ಕಿತ್ತಳೆ ಹಣ್ಣು ಕೊಯ್ದು ಮೊದಲನೇ ಹೋಳನ್ನು ನನ್ನ ಗಂಡನಿಗೆ ಕೊಟ್ಟ. ಎರಡನೇ ಅರ್ಧದಲ್ಲಿ ಎಲ್ಲಿ ನಿಲ್ಲಬೇಕೆಂದು ಕೈ ತೋರಿಸಿ ಹೇಳಿದ. ಇವರು ತಲೆಯಾಡಿಸಿ ಹಣ್ಣು ತಿಂದರು. ನನ್ನ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು.

ಆಗ ನಾನು ಮಾಡಿದ್ದನ್ನು ಅಂಕಲ್‌ಗೆ ಇವತ್ತಿನವರೆಗೂ ಹೇಳಿಲ್ಲ. ಗಡ್ಡದವನ ಹತ್ತಿರ ಹೋಗಿ, ನೆಟ್ಟಗೆ ಇಂಗ್ಲಿಷಿನಲ್ಲಿ, ನಮ್ಮ ಗುಟ್ಟೆಲ್ಲ ಬಿಚ್ಚಿಟ್ಟೆ. ನಿಮ್ಮ ಎತ್ತರದವನನ್ನು ಬೇಕೆಂದೇ ಓಡಿಸುತ್ತಿದ್ದಾರೆ, ಸುಸ್ತು ಮಾಡುವುದೇ ಅವರ ಪ್ಲ್ಯಾನ್. ಅವನನ್ನು ಓಡಲು ಬಿಡಬೇಡಿ. ಗೋಲಿನ ಹತ್ತಿರವೇ ನಿಲ್ಲಿಸಿ, ದೂರದಿಂದ ಅವನಿಗೆ ಎತ್ತಿ ಒದೆಯಿರಿ. ಗಡ್ಡದವನು ನನ್ನ ಹೆಗಲ ಮೇಲಿದ್ದ ಆಸ್ಟಿನ್ ಜರ್ಸಿ ನೋಡಿದ, ನನ್ನ ಗಂಡನನ್ನು ನೋಡಿದ. ನಿಮ್ಮವರಾ ಎಂದು ಕೇಳಿದ. ಹೌದು ಎಂದೆ. ಲಂಬೂನನ್ನು ಕರೆದ.

ಆಮೇಲೆ ಲಂಬೂ ಗೋಲಿನ ಮುಂದಿನಿಂದ ಕದಲಲಿಲ್ಲ. ಚೆಂಡು ಮೇಲಿಂದ ಬರುತ್ತಿತ್ತು, ಕೈ ಎತ್ತಿ ಹಿಡಿಯುತ್ತಿದ್ದ, ನಿಂತು ಒದೆಯುತ್ತಿದ್ದ. ಆರು, ಮತ್ತೆ ಆರು. ಅಂಕಲ್ ತಲೆಯ ಮೇಲೆ ಕೈಹೊತ್ತು, "ಯಾರು ಹೇಳ್ಕೊಟ್ರು ಇವರಿಗೆ?" ಎಂದು ಕೇಳುತ್ತಲೇ ಇದ್ದರು. ನಾನು ಅವರಿಗೆ ಮಜ್ಜಿಗೆ ಬಗ್ಗಿಸಿ ಕೊಟ್ಟೆ. ನಾವು ಹೀನಾಯವಾಗಿ ಸೋತೆವು. ಕ್ಯಾಪ್ಟನ್ ಹುಲ್ಲಿನ ಮೇಲೆ ಮುಖ ಮುಚ್ಚಿಕೊಂಡು ಕೂತದ್ದನ್ನು ನೋಡಿದಾಗ, ಸುಳ್ಳೇಕೆ, ನನಗೆ ಹೊಟ್ಟೆ ತಣ್ಣಗಾಯಿತು.

ವಾಪಸ್ ಬರುವಾಗ ನಾನು ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದಳು. ಬಿಸಿಲಿನ್ನೂ ಇತ್ತು.

"ನೀನು ಅವರಿಗೆ ಹೇಳಿದ್ದು ನಂಗೆ ಕೇಳಿಸ್ತು," ಎಂದರು ಇವರು. "ನಮ್ಮೋರು ಗೆಲ್ತಿದ್ರು ಕಣೆ."

"ಯಾರ ನಮ್ಮೋರು?" ಎಂದೆ. "ಒಬ್ಬರಾದ್ರೂ ನೀವು ಬ್ಯಾಡ ಅಂದ್ರೇನು? ಆ ಚಾಳೀಸಿನ ಹುಡುಗನ್ನ ಕೊಡಬೇಕಿತ್ತು. ನಾ ಹೇಳಿದ್ದ ಅವನ ಸಲುವಾಗಿ. ಚೆಂಡು ಹಿಡ್ಯಾಕ ಬರಂಗಿಲ್ಲ ಅವಂಗ."

ಇವರು ನಕ್ಕರು. ಚುಚ್ಚುವ ನಗು ಆಗಿದ್ದರೆ ಉತ್ತರ ಕೊಡುತ್ತಿದ್ದೆ.

"ಅವನು ನನಗಿಂತ ಎಷ್ಟೋ ಚೆನ್ನಾಗಿ ಆಡ್ತಾನೆ. ಟೀಮಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡೋನು ನಾನೇ. ಕ್ಯಾಪ್ಟನ್‌ಗೆ ಗೊತ್ತು, ಅಂಕಲ್‌ಗೆ ಗೊತ್ತು. ನಂಗೂ ಮೊದಲಿಂದ ಗೊತ್ತು." ಎ.ಸಿ.ಯ ಗಾಳಿಯನ್ನು ನನ್ನ ಕಡೆಗೆ ತಿರುಗಿಸಿದರು. "ನಿನಗೊಬ್ಬಳಿಗೇ ಗೊತ್ತಿರಲಿಲ್ಲ. ಅದೊಂದು ಚೆನ್ನಾಗಿತ್ತು."