ಪುನರ್ವಸು ಮುಗಿಯುವವರೆಗೆ

ದೊಡ್ಡಮ್ಮನಿಗೆ ತೊನ್ನಿತ್ತು. ತುಟಿಯ ಅಂಚಿನಲ್ಲಿ, ಎರಡೂ ಮುಂಗೈ ಮೇಲೆ, ಪಾದದ ಬೆರಳುಗಳ ಸುತ್ತ ಬಿಳಿ ಮಚ್ಚೆ. ಅದು ಅಂಟುವ ರೋಗವಲ್ಲವೆಂದು ಊರಿಗೆ ಗೊತ್ತಿತ್ತು. ಅವಳ ಕೈಯ ಮುದ್ದೆ ಉಣ್ಣದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಮದುವೆ ಮನೆಯ ಆರತಿಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಅವಳಿಗೂ ಮದುವೆಯಾಗಲಿಲ್ಲ. ಹುಟ್ಟಿದ ಮನೆಯಲ್ಲೇ ಉಳಿದಳು. ಅದೇ ಮನೆಗೆ ಅಳಿಯನಾಗಿ ಬಂದ ಅಪ್ಪ ಬೇಗ ತೀರಿಕೊಂಡಾಗ, ತಂಗಿಯಾದ ನನ್ನಮ್ಮನ ಜೊತೆ ಸೇರಿ ನನ್ನನ್ನು ಬೆಳೆಸಿದಳು.

ಬೈರಕೂರಿನ ಕಡೆಯ ನಮ್ಮೂರಿನಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಹೂಳುತ್ತಾರೆ. ತೊನ್ನಿದ್ದವರನ್ನು ಮಾತ್ರ ಸುಡುತ್ತಾರೆ. ಅಂಥವರು ಮಣ್ಣಿನಲ್ಲಿದ್ದರೆ ಮಳೆ ಹೋಗುತ್ತದೆ ಎಂಬುದು ನಂಬಿಕೆ. ಇದು ದೊಡ್ಡಮ್ಮನಿಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಕೊನೆಯ ಸಲ ಹಾಸಿಗೆ ಹಿಡಿದಾಗ ಅಮ್ಮನಿಗೆ ಹೇಳಿದಳು, "ನನ್ನ ಬೇರೆ ಹಾಕ್ಬೇಡ ಕಣೇ. ಅಮ್ಮನ ಪಕ್ಕದಲ್ಲೇ ಮಲಗಿಸು." ಅಮ್ಮ ಹೂಂ ಅಂದಳು. ಚಳಿಗಾಲದಲ್ಲಿ ಅವಳು ಹೋದಾಗ ಮಾವಿನ ತೋಪಿನ ಅಂಚಿನಲ್ಲಿ, ಅಜ್ಜಿಯ ಮಗ್ಗುಲಲ್ಲೇ ಹೂತೆವು. ಊರವರೆಲ್ಲ ಬಂದು ಹಿಡಿಮಣ್ಣು ಹಾಕಿದರು. ಆಗ ಕೆರೆಯಲ್ಲಿ ನೀರಿತ್ತು. ಯಾರೂ ಏನೂ ಅನ್ನಲಿಲ್ಲ.

ಮುಂದಿನ ಬೇಸಿಗೆಯಲ್ಲಿ ರೋಹಿಣಿ ಮಳೆ ಬರಲಿಲ್ಲ. ಮೃಗಶಿರಾ ಹೋಯಿತು. ಆರಿದ್ರಾ ಗಾಳಿಯಲ್ಲೇ ಕಳೆಯಿತು. ಮಾವಿನ ಕಾಯಿ ಬೇಸಿಗೆಯಲ್ಲೇ, ನಿಂಬೆ ಗಾತ್ರಕ್ಕೇ ಉದುರಿತ್ತು. ನರಸಾಪುರದ ಕಂಪನಿ ಬಸ್ಸು ಎಂದಿನಂತೆ ಬಂದು ಹುಡುಗ ಹುಡುಗಿಯರನ್ನು ಶಿಫ್ಟಿಗೆ ಕರೆದುಕೊಂಡು ಹೋಗುತ್ತಿತ್ತು. ಉಳಿದವರು ಟ್ಯಾಂಕರ್ ಬರುವ ದಾರಿ ನೋಡುತ್ತಾ ಕೂರುತ್ತಿದ್ದರು. ಕೂತಲ್ಲಿ ಮಾತು ಹುಟ್ಟಿತು.

ನಾನು ಕೋಲಾರದಲ್ಲಿ ಪತ್ರಿಕೆಯ ಕೆಲಸದಲ್ಲಿದ್ದೆ. ಒಂದು ಭಾನುವಾರ ಊರಿನಲ್ಲಿದ್ದಾಗ ನಾಲ್ಕೈದು ಜನ ಮನೆಗೆ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟ ಮೇಲೆ ಅವರಲ್ಲಿ ಹಿರಿಯರಾದವರು ಶುರು ಮಾಡಿದರು.

"ತಪ್ಪು ತಿಳ್ಕೋಬೇಡಮ್ಮ. ಆಯಮ್ಮ ಇದ್ದಾಗ ನಾವು ಒಂದು ಮಾತು ಅಂದಿದ್ವಾ?"

"ಇದ್ದಾಗ ಅನ್ಲಿಲ್ಲ," ಅಂದಳು ಅಮ್ಮ. "ಈಗ ಅಂತಿದೀರ."

ಹೂತ ಹೆಣ ತೆಗೆದು ಸುಡುವುದು ಕಾನೂನಿಗೆ ವಿರುದ್ಧ, ಮಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಹಿರಿಯರು ನನ್ನ ಕಡೆ ತಿರುಗಿದರು. "ನೀನು ದಿನಾ ಪೇಪರ್‌ನಾಗೆ 'ನಾಳೆ ಮಳೆ ಸಾಧ್ಯತೆ' ಅಂತ ಹಾಕ್ತೀಯಲ್ಲಪ್ಪ, ಆ ನಾಳೆ ಯಾವ ಬಸ್ಸಿಗೆ ಬರ್ತದೆ ಅಂತನಾದ್ರೂ ಹೇಳು." ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ಎದುರು ಮನೆಯಾಕೆ ನಗಲಿಲ್ಲ. ದೊಡ್ಡಮ್ಮನ ಜೊತೆಯಲ್ಲೇ ಬೆಳೆದವಳು. ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಏಂ ಚೇಸ್ತಾಮಮ್ಮಾ, ಏನ್ ಮಾಡೋಣ. ಹಿಪ್ಪುನೇರಳೆ ಎಲ್ಲಾ ಒಣಕಡ್ಡಿ ಆಗೋಯ್ತು. ಹುಳಕ್ಕೆ ಹಾಕಕ್ಕೆ ಸೊಪ್ಪಿಲ್ಲ. ಜೀವ ಇರೋ ಹುಳಾನ ತಿಪ್ಪೆಗೆ ಸುರಿದೆ."

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಹೇಳಿದಳು, "ಪುನರ್ವಸು ಮುಗಿಯೋವರ್ಗೂ ಬಿಡಿ. ಅಷ್ಟರೊಳಗೆ ಮಳೆ ಬಂದ್ರೆ ನಮ್ಮಕ್ಕನ್ನ ಯಾರೂ ಮುಟ್ಟಂಗಿಲ್ಲ."

ಅವರು ಒಪ್ಪಿ ಎದ್ದರು. ಪೊಲೀಸರಿಗೆ ಹೇಳುತ್ತೇನೆ ಎಂದು ನಾನಂದಾಗ ಅಮ್ಮ ತಡೆದಳು. "ಅವ್ರು ಒಂದಿನ ಬಂದು ಹೋಗ್ತಾರೆ ಕಣೋ. ಆಮೇಲೆ ಈ ಬೀದಿಯಲ್ಲಿ ನಾನಿರಬೇಕು. ಇವ್ರೇನು ಕೆಟ್ಟೋರಾ?"

ಆ ಪುನರ್ವಸುವಿನಲ್ಲಿ ಊರು ಬೆಳೆಗಾಗಿ ಮೋಡ ನೋಡಿತು. ಅಮ್ಮ ಅಕ್ಕನಿಗಾಗಿ ನೋಡಿದಳು. ಸಂಜೆಯಾದರೆ ನನಗೆ ಫೋನು. "ನಿಮ್ಕಡೆ ಏನಾದ್ರೂ ಕಪ್ಪಗಾಯ್ತೇನೋ?" ಮೋಡ ಕಟ್ಟುತ್ತಿತ್ತು, ಗಾಳಿ ಏಳುತ್ತಿತ್ತು, ಎಲ್ಲ ಆಂಧ್ರದ ಕಡೆ ಸರಿಯುತ್ತಿತ್ತು. ಒಂದು ಮಧ್ಯಾಹ್ನ ಕೋಲಾರದಲ್ಲಿ ರಸ್ತೆ ಒದ್ದೆಯಾಗುವಷ್ಟು ಬಿತ್ತು. ಫೋನು ಮಾಡಿದೆ. "ಬರೀ ಧೂಳು," ಅಂದಳು. "ಇರು, ಈ ಕಡೆಗೇ ಬರ್ತಿರಬಹುದು." ಹಿಂದಿನಿಂದ ಬಾಗಿಲ ಸದ್ದು ಕೇಳಿಸಿತು. ಹೊರಗೆ ಹೋಗಿ ನಿಂತಿರಬೇಕು. ಆ ಮಳೆ ಊರು ತಲುಪಲಿಲ್ಲ.

ಪುನರ್ವಸು ಮುಗಿಯಿತು. ಹಿರಿಯರು ಬಂದು ಕೇಳುವ ಮೊದಲೇ ಅಮ್ಮ ಅವರ ಮನೆಗೆ ಹೋಗಿ, ನಾಳೆ ಬೆಳಿಗ್ಗೆ ಬನ್ನಿ ಎಂದಳಂತೆ. ಕದ್ದು ಮಾಡುವುದು ಬೇಡ, ತಾನೂ ಇರುತ್ತೇನೆ ಎಂದಳಂತೆ. ನಾನು ರಾತ್ರಿ ಬಸ್ಸಿಗೇ ಊರಿಗೆ ಹೋದೆ. ನಮ್ಮಲ್ಲಿ ಹೆಂಗಸರು ಬೆಂಕಿಯ ಹತ್ತಿರ ಹೋಗುವುದಿಲ್ಲ. ಅಂದು ಅಮ್ಮನನ್ನು ಯಾರೂ ತಡೆಯಲಿಲ್ಲ.

ಅಗೆಯುತ್ತಿದ್ದವನೊಬ್ಬ ಸೊಂಟದ ಆಳದಲ್ಲಿ ನಿಂತು ಮಣ್ಣು ಎತ್ತಿ ತೋರಿಸಿದ. "ನೋಡ್ರೋ, ತೇವ. ನೀರೆಲ್ಲಾ ಕುಡ್ಕೊಂಡಿದಾಳೆ." ಜನ ಮುಂದೆ ಬಂದು ಮುಟ್ಟಿ ನೋಡಿದರು. ಒಮ್ಮೆ ಅಗೆದು ಸಡಿಲವಾದ ಮಣ್ಣು ಬಿದ್ದ ಹನಿಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ನಾನು ಅದನ್ನು ಹೇಳಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅಮ್ಮ ತನ್ನ ಪೆಟ್ಟಿಗೆಯಿಂದ ತಂದಿದ್ದ ಹೊಸ ಸೀರೆಯನ್ನು ಬಿಚ್ಚಿ ಗುಂಡಿಯೊಳಗೆ ಕೊಟ್ಟಳು. "ಮುಖ ಮುಚ್ಚಿ ಎತ್ತಿ. ಅವಳಿಗೆ ಬಿಸಿಲು ಆಗಲ್ಲ." ತೊನ್ನಿನ ಚರ್ಮ ಬಿಸಿಲಿಗೆ ಉರಿಯುತ್ತದೆ. ದೊಡ್ಡಮ್ಮ ಜೀವಮಾನವೆಲ್ಲ ಸೆರಗು ಹೊದ್ದೇ ಹೊಲಕ್ಕೆ ಹೋದವಳು.

ಸೌದೆಯ ಮೇಲೆ ಹಾಕಲು ಎದುರು ಮನೆಯಾಕೆ ಒಣಗಿದ ಹಿಪ್ಪುನೇರಳೆ ಕಡ್ಡಿಯ ಹೊರೆ ಹೊತ್ತು ತಂದಳು. ಇಳಿಸಿ ಅಮ್ಮನ ಪಕ್ಕದಲ್ಲೇ ನಿಂತಳು. ಅಮ್ಮ ಅವಳ ಕೈ ಹಿಡಿದಳೋ, ಅವಳೇ ಅಮ್ಮನ ಕೈ ಹಿಡಿದಳೋ, ಬೆಂಕಿ ತಗ್ಗುವವರೆಗೂ ಬಿಡಲಿಲ್ಲ.

ಪುಷ್ಯ ಮಳೆಯೂ ಒಣಗಿಯೇ ಹೋಯಿತು. ಊರು ಆ ವಿಷಯ ಮಾತಾಡುವುದನ್ನು ಬಿಟ್ಟಿತು.

ಆಶ್ಲೇಷದ ಮೊದಲಿಗೆ ಮಳೆ ಹಿಡಿಯಿತು. ನಮ್ಮ ಕಚೇರಿಗೆ ಎಲ್ಲ ಕಡೆಯಿಂದ ವರದಿ ಬರತೊಡಗಿತು. ನಾನು ಅವನ್ನು ತಿದ್ದುತ್ತಾ ಕೂತಿದ್ದಾಗ ಅಮ್ಮನ ಫೋನು ಬಂತು. ಹಿಂದೆ ಶೀಟಿನ ಮೇಲೆ ಮಳೆ ಬೀಳುತ್ತಿದ್ದ ಸದ್ದಿಗೆ ಅವಳು ಕೂಗಿ ಮಾತಾಡುತ್ತಿದ್ದಳು.

"ಇಲ್ಲಿ ಬಂತು ಕಣೋ. ಎಲ್ಲಾ ಬಂದು ನಂಗೆ ಹೇಳಿ ಹೋಗ್ತಿದಾರೆ. ಅಲ್ಲಿ ಬಂತಾ?"

"ಬರ್ತಿದೆ."

"ಮಾಲೂರಲ್ಲಿ?"

"ಬಂತಂತೆ."

"ಶ್ರೀನಿವಾಸಪುರ?"

ನಮ್ಮೂರಿಗೆ ಮಾತ್ರ ಬಂದಿದ್ದರೆ ಮಳೆ ತಡೆದದ್ದು ಅವಳ ಅಕ್ಕನೇ ಎಂದಾಗುತ್ತಿತ್ತು. ಎಲ್ಲ ಕಡೆ ಬಂತು ಎಂದರೆ ಅಕ್ಕನನ್ನು ಸುಮ್ಮನೆ ಎಬ್ಬಿಸಿದಂತೆ. ಶ್ರೀನಿವಾಸಪುರಕ್ಕೂ ಮಳೆಯಾದ ವರದಿ ನನ್ನ ಎದುರೇ ಇತ್ತು.

"ಎಲ್ಲಾ ಕಡೆ ಬಂತಮ್ಮ," ಅಂದೆ.

ಈಗ ಅವಳು ಕೂಗುತ್ತಿರಲಿಲ್ಲ.

"ಪುಷ್ಯದವರೆಗೂ, ಆಶ್ಲೇಷದವರೆಗೂ ಗಡುವು ಕೇಳ್ಬೋದಿತ್ತು ನಾನು," ಅಂದಳು ಅಮ್ಮ. "ಕೇಳಿದ್ರೆ ಅವ್ರು ಕೊಡ್ತಿದ್ರು."