ಲೋಬಾನದ ಹೊಗೆ, ಹೆಂಗಸರ ಬಾಗಿಲು

ಕೊರೊನಾ ಮುಗಿದು ಟಾಕೀಸುಗಳು ಮತ್ತೆ ತೆರೆದ ಮೇಲಿನ ಮಾತು ಇದು. ಆಗ ನಾನು ಗಂಗಾವತಿಯ ಒಂದು ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುತ್ತಿದ್ದೆ. ಟಿಕೆಟ್ ಹರಿಯುವುದು, ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಆಟ ಶುರುವಾದ ಮೇಲೆ ಬಾಗಿಲಿಗೆ ಕೀಲಿ ಹಾಕುವುದು. ಕೀಲಿ ಹಾಕದಿದ್ದರೆ ಇಂಟರ್ವೆಲ್ ಹೊತ್ತಿಗೆ ಪುಕ್ಕಟೆ ನೋಡುವವರು ನುಗ್ಗುತ್ತಾರೆ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಸೀಟಿನ ನಂಬರು ಓದಲು ಬರುತ್ತಿತ್ತು, ಆ ಕೆಲಸಕ್ಕೆ ಸಾಕಾಗಿತ್ತು.

ಆ ವಾರ ಬಂದದ್ದು ಒಂದು ದೆವ್ವದ ಸಿನಿಮಾದ ಎರಡನೇ ಭಾಗ. ಮೀಟರು, ಕ್ಯಾಮೆರಾ ಹಿಡಿದುಕೊಂಡು ದೆವ್ವ ಹುಡುಕುವ ಅಣ್ಣ ತಂಗಿಯ ಕಥೆ. ಮೊದಲನೇ ಭಾಗದಲ್ಲಿ ಅವರು ಓಡಿಸಿದ ದೆವ್ವ ಎರಡನೆಯದರಲ್ಲಿ ತಂಗಿಯ ಮೈಯನ್ನೇ ಸೇರುತ್ತದೆ. ಮೊದಲನೆಯದನ್ನು ನೋಡಿಯೇ ನಾನು ವಾರಗಟ್ಟಲೆ ಕತ್ತಲಾದ ಮೇಲೆ ಹಿತ್ತಲಿಗೆ ಹೋಗಿರಲಿಲ್ಲ. ಎರಡನೆಯದಕ್ಕೆ ಪರದೆಗೆ ಬೆನ್ನು ಮಾಡಿ ಕುಳಿತೆ. ಬೆನ್ನು ಮಾಡಿದರೂ ಕಿವಿ ಇರುತ್ತವಲ್ಲ.

ಮ್ಯಾನೇಜರ್ ಖಾಜಾಸಾಬ್ ಹೊಸ ಉಪಾಯ ಹೂಡಿದ್ದ. ದೆವ್ವ ಮೈಮೇಲೆ ಬರುವ ಹೊತ್ತಿಗೆ ಸರಿಯಾಗಿ ಪರದೆಯ ಪಕ್ಕ ಕೆಂಡದ ತಟ್ಟೆಗೆ ಲೋಬಾನ ಹಾಕುವುದು. ನಮ್ಮ ಕಡೆ ದೆವ್ವ ಬಿಡಿಸಲು, ಗುಡಿಯಾಗಲಿ ದರ್ಗಾ ಆಗಲಿ, ಲೋಬಾನದ ಹೊಗೆಯನ್ನೇ ಮುಖಕ್ಕೆ ಹಿಡಿಯುತ್ತಾರೆ. ವಾಸನೆ ಬಂದರೆ ಸಾಕು, ಮೈ ಜುಮ್ಮೆನ್ನುತ್ತದೆ.

“ಫ್ಯಾನ್ ಬಂದ್ ಮಾಡಿಸೀನಿ, ಹುಲಿಗೆವ್ವ. ಹೊಗಿ ನಿಲ್ಲಬೇಕು ನೋಡು.”

“ಮಂದಿ ಅಂಜಿ ಸತ್ತರ?”

“ಅಂಜಾಕಂತಲೇ ಟಿಕೆಟ್ ತಗೊಂಡಾರಬೇ.”

ಮಧ್ಯಾಹ್ನದ ಆಟಕ್ಕೆ ತಾವರಗೇರಾದಿಂದ ಅತ್ತೆ ಸೊಸೆ ಬಂದಿದ್ದರು. “ಹೊಸಾ ಸೊಸಿ, ಭಾಳ ಅಂಜುಬುರುಕಿ. ಗಟ್ಟಿ ಆಗ್ಲಿ ಅಂತ ಕರ್ಕೊಂಡು ಬಂದೀನಿ,” ಎಂದು ಅತ್ತೆ ಬಾಗಿಲಲ್ಲೇ ನಕ್ಕಿದ್ದಳು.

ಪರದೆಯ ಮೇಲೆ ತಂಗಿ ಗಂಟಲು ಪರಚಿಕೊಳ್ಳುವಾಗ ಹೊಗೆ ಎದ್ದಿತು. ವಾಸನೆಗೆ ನಾನೂ ಒಮ್ಮೆ ತಿರುಗಿ ನೋಡಿದ್ದೆ. ಆಗ ನನ್ನ ಪಕ್ಕದ ಸಾಲಿನಲ್ಲಿ ಗೊರಗೊರ ಸದ್ದು. ಟಾರ್ಚ್ ಬಿಟ್ಟೆ. ಆ ಸೊಸೆ ಕಣ್ಣು ಮೇಲೆ ಮಾಡಿ ಗಂಟಲು ಪರಚಿಕೊಳ್ಳುತ್ತಿದ್ದಳು. ಪರದೆಯಲ್ಲಿದ್ದದ್ದೇ ಕೆಳಗಿಳಿದು ಕುಳಿತಂತಿತ್ತು.

“ಹೊಕ್ಕೊಂತು!” ಎಂದು ಯಾರೋ ಚೀರಿದರು. ಆಟ ನಿಂತು ಲೈಟು ಬಂತು. ಹಿಂದಿನಿಂದ ಒಬ್ಬ, “ಮೂರನೇ ಭಾಗ ಇಲ್ಲೇ ಶುರು ಆತಲೇ!” ಎಂದು ಮೊಬೈಲ್ ಎತ್ತಿದ. ಅತ್ತೆ ಸೊಸೆಯ ಕೂದಲು ಹಿಡಿದು ಜಗ್ಗಿದಳು.

“ಯಾರು ನೀನು? ಯಾವೂರಾಕಿ? ಹೆಸರು ಹೇಳಿ ಬಿಟ್ಟು ಹೋಗು!”

ಹುಡುಗಿಯ ಬಾಯಲ್ಲಿ ಮಾತಿಲ್ಲ, ಬರೀ ಸಿಳ್ಳಿನಂಥ ಸದ್ದು.

“ಹಠಮಾರಿ ಐತಿ, ಬಾಯಿ ಬಿಡವಲ್ದು. ಹೊಗಿ ಹಿಡೀರಿ!”

ಪರದೆಯ ಪಕ್ಕದ ತಟ್ಟೆಯನ್ನೇ ತಂದು ಮುಖಕ್ಕೆ ಹಿಡಿದರು. ಅವಳ ತುಟಿ ನೀಲಿಯಾಯಿತು. ಅದನ್ನು ನೋಡಿ ದೆವ್ವವೇ ಎಂದು ನನಗೂ ಖಾತ್ರಿಯಾಯಿತು. ಓಡಲು ತಿರುಗಿದೆ. ಹುಡುಗಿ ನನ್ನ ಸೆರಗು ಹಿಡಿದಳು. ಕೊಸರಿದರೂ ಬಿಡಲಿಲ್ಲ. ಅವಳನ್ನು ಎಳೆದುಕೊಂಡೇ ಬಾಗಿಲಿಗೆ ಹೋದೆ. ಅವಳು ಜಗ್ಗುತ್ತಿದ್ದರೆ ಕೀಲಿಕೈ ತೂತಿಗೆ ಹೋಗಲೊಲ್ಲದು. ಹೇಗೋ ತೆಗೆದೆ. ಇಬ್ಬರೂ ಸೈಕಲ್ ಸ್ಟ್ಯಾಂಡಿನ ಬಿಸಿಲಿಗೆ ಬಿದ್ದೆವು.

ಹೊರಗಿನ ಗಾಳಿ ತಾಗಿದ ಮೇಲೆ ಹುಡುಗಿಗೆ ಒಂದೇ ಮಾತು ಬಂತು. “ಚೀಲ.”

ಅವಳ ಚೀಲ ಹಿಂದೆಯೇ ಓಡಿಬಂದ ಅತ್ತೆಯ ಬಗಲಲ್ಲಿತ್ತು. ಅತ್ತೆ ಹಿಂದೆ ಸರಿದಳು. “ದೆವ್ವ ಚೀಲ ಬೇಡಾಕತ್ತೈತಿ. ಕೊಡಬ್ಯಾಡ್ರಿ!”

“ಕೊಡಬೇ! ಚೀಲ ಕೊಟ್ಟರ ನನ್ನ ಸೆರಗರ ಬಿಟ್ಟೀತು!”

ಚೀಲ ಕಿತ್ತುಕೊಂಡು ಹುಡುಗಿಯ ಮುಂದೆ ಒಗೆದೆ. ಅರಿವೆಯಲ್ಲಿ ಸುತ್ತಿಟ್ಟಿದ್ದ ಸಣ್ಣ ಪಂಪು ತೆಗೆದು ಅವಳು ಬಾಯಿಗಿಟ್ಟುಕೊಂಡು ಎಳೆದಳು. ದಮ್ಮಿನ ರೋಗದವರು ಎಳೆಯುತ್ತಾರಲ್ಲ, ಅದು. ನಿಧಾನಕ್ಕೆ ತುಟಿಗೆ ಬಣ್ಣ ಬಂತು.

“ದಮ್ಮು ಐತಿ ಅಂತ ಮದುವಿಯಾಗ ಹೇಳಿದ್ದಿಲ್ಲರಿ ಅತ್ತಿ.”

“ಹೇಳಿದ್ರ ನಾ ಏನ್ ನುಂಗ್ತಿದ್ನೇನ?”

ಅತ್ತೆಯ ಬೆರಳಲ್ಲಿ ಸೊಸೆಯ ಕೂದಲು ಇನ್ನೂ ಸುತ್ತಿಕೊಂಡಿತ್ತು.

“ಹುಲಿಗೆವ್ವ ದೆವ್ವ ಬಿಡಿಸ್ಯಾಳ!” ಎಂದು ಖಾಜಾಸಾಬ್ ಜನರಿಗೆ ಸಾರಿದ.

“ಬಿಡಿಸಿಲ್ಲೋ, ಅಂಜಿ ಓಡಿ ಬಂದೀನಿ. ಆಕಿ ಗಂಟುಬಿದ್ಲು,” ಎಂದೆ. ಯಾರೂ ನಂಬಲಿಲ್ಲ. ಮರುದಿನ ಒಬ್ಬಳು ಕೂಸಿನ ದೃಷ್ಟಿ ತೆಗೆಸಲು ನನ್ನ ಹತ್ತಿರವೇ ಬಂದಳು.

ಆ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಣ್ಣು ಮೇಲೆ ಮಾಡಿದವರನ್ನು ಯಾರು, ಯಾವೂರು ಎಂದು ಕೇಳುತ್ತ ನಿಲ್ಲಬಾರದು. ಮೊದಲು ಬಾಗಿಲು ತೆಗೆಯಬೇಕು. ಕೆಲಸ ಬಿಡುವವರೆಗೆ ಆ ಬಾಗಿಲಿಗೆ ಮತ್ತೆ ಕೀಲಿ ಹಾಕಲಿಲ್ಲ. ಪುಕ್ಕಟೆ ನೋಡುವವರು ನೋಡಿದರು, ಖಾಜಾಸಾಬ್ ಬೈದ, ಬೈಸಿಕೊಂಡೆ. ದೆವ್ವಕ್ಕೆ ಈಗಲೂ ಅಂಜುತ್ತೇನೆ. ಅದಕ್ಕೇ ಮನೆಯ ಬಾಗಿಲಿಗೂ ಅಗಳಿ ಹಾಕುವುದಿಲ್ಲ. ಓಡಲು ದಾರಿ ಬೇಕಲ್ಲ.